ತಾಳ ತಪ್ಪಿದ ನಾಡಿ: ಸುಡುವುದೋ, ಹೆಪ್ಪುಗಟ್ಟಿಸುವುದೋ?

(ಶಹಾಪುರದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಹೋದ ತಿಂಗಳು ಗೋಷ್ಠಿ ಮುಗಿಸಿ ಪ್ರಸಾದಕ್ಕೆ ಕುಳಿತಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಇಂಜಿನಿಯರ್ ಸಾಹೇಬ್ರ, ನಿಮ್ಮ ಎದಿಯೊಳಗ ಬರ್ಫ್ ಇಟ್ಟು ರಿಪೇರಿ ಮಾಡ್ಯಾರಂತ, ಖರೇ ಏನ್ರಿ?" ನಾನು ನಕ್ಕು ಹೌದೆಂದೆ. ಅಷ್ಟರಲ್ಲಿ ಇನ್ನೊಬ್ಬರು, "ಛಲೋ ಆತು ಬಿಡ್ರಿ, ನಮ್ಮ ಬೀಗರಿಗೆ ಸುಟ್ಟಾರ. ಸುಡೂದು ಉಷ್ಣ, ಮೈಗೆ ಆಗಿಬರಂಗಿಲ್ಲ" ಎಂದರು. ಇದು ಪೂಜ್ಯರ ಕಿವಿಗೆ ಬಿತ್ತು. ಮುಂದಿನ ತಿಂಗಳ ಉಪನ್ಯಾಸ ನಿಮ್ಮದೇ ಎಂದು ಅಪ್ಪಣೆಯಾಯಿತು.

ನಾನು ಡಾಕ್ಟರ್ ಅಲ್ಲ. ಕಲಬುರಗಿಯ ಪಿ.ಡಿ.ಎ. ಕಾಲೇಜಿನಲ್ಲಿ ಸಿವಿಲ್ ಓದಿ, ನಾರಾಯಣಪುರ ಎಡದಂಡೆ ಕಾಲುವೆಯ ಮೇಲೆ ಹುಣಸಗಿಯಿಂದ ಭೀಮರಾಯನಗುಡಿವರೆಗೆ ನೌಕರಿ ಸವೆಸಿದವನು. ಆದರೆ ನನ್ನದೇ ಎದೆಯೊಳಗೆ ಕೆಲಸ ನಡೆಯುವಾಗ ನಕ್ಷೆ ನೋಡದೆ ಸಹಿ ಹಾಕುವುದು ನನ್ನಿಂದಾಗಲಿಲ್ಲ. ಹಾಗೆ ಓದಿ, ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ನನ್ನ ಅಕ್ಕನ ಮಾತು. ಅವಳನ್ನು ಸುರಪುರ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದೆವು. ಅರವತ್ತೈದು ದಾಟಿದ ಮೇಲೆ, "ತಮ್ಮಾ, ಎದಿ ಒಂದೊಂದ್ ಸಲ ಢವಢವ ಹೊಡ್ಕೋತದ, ಪಕ್ಷಿ ರೆಕ್ಕಿ ಬಡದಂಗ" ಎನ್ನುತ್ತಿದ್ದಳು. ಊರವರು ಗಾಳಿ ಸೋಂಕು ಎಂದರು, ತಾಯಿತ ಕಟ್ಟಿಸಿದರು. ಅಂಥ ನಂಬಿಕೆಗಳ ವಿರುದ್ಧ ಇದೇ ವೇದಿಕೆಯಲ್ಲಿ ಮಾತಾಡಿದವನು ನಾನು, ಊರವರನ್ನು ಬೈದೆ. ಬೈದು ಮಾಡಿದ್ದೇನು? "ಚಿಂತಿ ಬಿಡು ಅಕ್ಕಾ, ಬಿ.ಪಿ. ಗುಳಿಗಿ ತಪ್ಪಿಸಬ್ಯಾಡ" ಎಂದು ಹೇಳಿ ಬಂದೆ. ಅವಳ ಕೈ ಹಿಡಿದು ನಾಡಿ ನೋಡಲಿಲ್ಲ. ತಾಯಿತ ಕಟ್ಟಿದವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಒಂದು ನಸುಕಿನಲ್ಲಿ ಅಂಗಳ ಗುಡಿಸುವಾಗ ಅವಳ ಬಲಗೈಯಿಂದ ಕಸಬರಿಗೆ ಜಾರಿತು, ಮಾತು ನಿಂತಿತು. ಕಲಬುರಗಿಗೆ ಒಯ್ದಾಗ ಇ.ಸಿ.ಜಿ. ತೆಗೆದ ಡಾಕ್ಟರು ಹೇಳಿದರು: ಹೃದಯದ ತಾಳ ತಪ್ಪಿದೆ, ಅಲ್ಲಿ ಗಟ್ಟಿಯಾದ ರಕ್ತದ ತುಣುಕು ಮಿದುಳಿಗೆ ಹೋಗಿದೆ. ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದು ಅವಳು ಲಿಂಗೈಕ್ಯಳಾದಳು.

ಆ ತಾಳ ತಪ್ಪುವ ರೋಗದ ಹೆಸರು ಏಟ್ರಿಯಲ್ ಫಿಬ್ರಿಲೇಶನ್. ಡಾಕ್ಟರುಗಳು ಚಿಕ್ಕದಾಗಿ ಎ.ಎಫ್. ಎನ್ನುತ್ತಾರೆ. ಹೃದಯಕ್ಕೆ ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಬಲಗಡೆಯ ಮೇಲಿನ ಕೋಣೆಯಲ್ಲಿ ಒಂದು ಪುಟ್ಟ ಗಂಟು ಇದೆ. ಅದು ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಸಂಕೇತ ಕೊಡುತ್ತದೆ. ಆ ಸಂಕೇತ ಮೇಲಿನ ಕೋಣೆಗಳಲ್ಲಿ ಹರಡಿ, ನಡುವಿನ ಒಂದೇ ಗೇಟಿನ ಮೂಲಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ನಮ್ಮ ಕಾಲುವೆಯ ವಾರಬಂದಿ ಇದ್ದ ಹಾಗೆ: ಹೆಡ್ ರೆಗ್ಯುಲೇಟರಿನಲ್ಲಿ ಒಬ್ಬನೇ ಹೇಳಬೇಕು, ಉಳಿದವರು ಕೇಳಬೇಕು. ಎ.ಎಫ್. ಬಂದಾಗ ಮೇಲಿನ ಕೋಣೆಯ ಮೂಲೆಮೂಲೆಯೂ ತನ್ನದೇ ಸಂಕೇತ ಕೊಡತೊಡಗುತ್ತದೆ, ನಿಮಿಷಕ್ಕೆ 350, 400, ಇನ್ನೂ ಹೆಚ್ಚು. ಕೋಣೆ ಸಂಕುಚಿಸುವುದನ್ನು ಬಿಟ್ಟು ಬರೀ ನಡುಗುತ್ತದೆ. ನಡುವಿನ ಗೇಟು ತನಗೆ ಸಾಧ್ಯವಾದಷ್ಟನ್ನು ಅಡ್ಡಾದಿಡ್ಡಿಯಾಗಿ ಕೆಳಗೆ ಬಿಡುತ್ತದೆ. ನಡುಗುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಲಕ್ವದ ಅಪಾಯ ಸುಮಾರು ಐದು ಪಟ್ಟು ಹೆಚ್ಚುವುದು ಇದರಿಂದಲೇ.

ನಿವೃತ್ತಿಯ ಎರಡನೆಯ ವರ್ಷ ನನಗೂ ಇದೇ ಬಂತು. ಬೆಳಗಿನ ಪೂಜೆಗೆ ಕುಳಿತಿದ್ದೆ. ಮೈ ನಿಶ್ಚಲವಾಗಿದ್ದಾಗ ಒಳಗಿನದು ಸ್ಪಷ್ಟ ಕೇಳಿಸುತ್ತದೆ. ಎರಡು ಬಡಿತ ಹತ್ತಿರ, ಮತ್ತೊಂದು ದೂರ, ಮತ್ತೆ ನಾಲ್ಕು ಒತ್ತೊತ್ತಾಗಿ. ಅಕ್ಕನ ಪಕ್ಷಿ ನೆನಪಾಯಿತು. ಇ.ಸಿ.ಜಿ.ಗೆ ಓಡಿದೆ, ಅಷ್ಟರಲ್ಲಿ ತಾಳ ಸರಿಯಾಗಿತ್ತು. ಎರಡು ಸಲ ಹೀಗೇ "ನಾರ್ಮಲ್" ಎಂಬ ಚೀಟಿ ಸಿಕ್ಕಿತು. ಕೊನೆಗೆ 24 ತಾಸು ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಹೋಲ್ಟರ್ ಯಂತ್ರದಲ್ಲಿ ಕಳ್ಳ ಸಿಕ್ಕಿಬಿದ್ದ. ಆಗಾಗ ಬಂದು ಹೋಗುವ ಎ.ಎಫ್. ಹೀಗೆಯೇ, ಒಂದು ಇ.ಸಿ.ಜಿ. ಸರಿ ಇದೆ ಎಂದ ಮಾತ್ರಕ್ಕೆ ರೋಗ ಇಲ್ಲವೆಂದಲ್ಲ.

ಗುಳಿಗೆಗಳಿಂದ ಒಂದು ವರ್ಷ ತಳ್ಳಿದೆ. ತಾಳ ನಿಲ್ಲಲಿಲ್ಲ. ಹೈದರಾಬಾದಿನಲ್ಲಿ ಇಬ್ಬರು ತಜ್ಞರನ್ನು ಕಂಡೆ. ಇಬ್ಬರೂ ಅಬ್ಲೇಶನ್ ಎಂದರು. ಒಬ್ಬರು ಬಿಸಿಯಿಂದ, ಇನ್ನೊಬ್ಬರು ತಂಪಿನಿಂದ. ಮನೆಗೆ ಬಂದರೆ ನೆಂಟರಿಷ್ಟರೆಲ್ಲ ತಜ್ಞರಾಗಿದ್ದರು. "ನಿಮ್ಮದು ಉಷ್ಣ ಪ್ರಕೃತಿ, ತಂಪಿನದೇ ಮಾಡಿಸ್ರಿ." ಅಡಿಗೆಮನೆಯಲ್ಲಿ ಸೌತೆಕಾಯಿ ತಂಪು, ಬೆಲ್ಲ ಉಷ್ಣ ಎನ್ನುವ ಲೆಕ್ಕವನ್ನು ಹೃದಯದೊಳಗೂ ತಂದಿದ್ದರು. ಶರಣರೇ, ಈ ಎರಡೂ ಚಿಕಿತ್ಸೆ ಮಾಡುವ ಕೆಲಸ ಒಂದೇ: ಕೆಟ್ಟ ಸಂಕೇತ ಹಾಯುವ ದಾರಿಯ ಜೀವಕೋಶಗಳನ್ನು ಕೊಂದು ಅಲ್ಲೊಂದು ಕಲೆ ಉಳಿಸುವುದು. ಕಲೆಯ ಮೇಲೆ ವಿದ್ಯುತ್ ಹರಿಯದು. ಮೈಯ ಉಷ್ಣ ತಂಪಿಗೂ ಇದಕ್ಕೂ ಸಂಬಂಧವೇ ಇಲ್ಲ.

ಎಲ್ಲಿ ಕಲೆ ಮಾಡಬೇಕು? ಇದನ್ನು ತೋರಿಸಿಕೊಟ್ಟದ್ದು ಫ್ರಾನ್ಸಿನ ಬೋರ್ಡೋ ನಗರದ ಹೈಸಾಗೇರ್ ಮತ್ತು ಸಂಗಡಿಗರು, 1998ರಲ್ಲಿ. ಅವರು 45 ರೋಗಿಗಳನ್ನು ಪರೀಕ್ಷಿಸಿದಾಗ ಕೆಟ್ಟ ಸಂಕೇತದ ಮೂಲಗಳಲ್ಲಿ ನೂರಕ್ಕೆ 94 ಸಿಕ್ಕಿದ್ದು ಶ್ವಾಸಕೋಶದಿಂದ ಎಡ ಮೇಲಿನ ಕೋಣೆಗೆ ರಕ್ತ ತರುವ ರಕ್ತನಾಳಗಳಲ್ಲಿ. ಅಂಥ ನಾಳಗಳು ಸಾಮಾನ್ಯವಾಗಿ ನಾಲ್ಕು. ಆ ನಾಲ್ಕು ಬಾಯಿಗಳ ಸುತ್ತ ಒಡ್ಡು ಕಟ್ಟಿದರೆ ಒಳಗಿನ ಗದ್ದಲ ಕೋಣೆಗೆ ಬರುವುದಿಲ್ಲ. ಇಂದಿನ ಎ.ಎಫ್. ಅಬ್ಲೇಶನ್ನಿನ ತಳಪಾಯ ಇದು. ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳು ನಳಿಗೆ ಏರಿಸಿ, ಬಲಕೋಣೆಗೆ ತಲುಪಿ, ನಡುಗೋಡೆಗೆ ಸಣ್ಣ ರಂಧ್ರ ಮಾಡಿ ಎಡಕ್ಕೆ ದಾಟುತ್ತಾರೆ. ಎದೆ ಕೊಯ್ಯುವುದಿಲ್ಲ.

ಬಿಸಿಯ ವಿಧಾನದಲ್ಲಿ ನಳಿಗೆಯ ತುದಿಯಿಂದ ಸೆಕೆಂಡಿಗೆ ಸುಮಾರು 5 ಲಕ್ಷ ಆವರ್ತನದ ಕರೆಂಟ್ ಬಿಡುತ್ತಾರೆ. ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಅದು ಸ್ನಾಯುವನ್ನು ಸೆಳೆಯುತ್ತದೆ. ಇಷ್ಟು ವೇಗದ್ದು ಸೆಳೆಯುವುದಿಲ್ಲ, ಬಿಸಿ ಮಾಡುತ್ತದೆ. ಬೆನ್ನಿಗೋ ತೊಡೆಗೋ ಅಂಟಿಸಿದ ಪಟ್ಟಿಯಿಂದ ಕರೆಂಟು ಹೊರಹೋಗುತ್ತದೆ. ಕಾಯಿಸಿದ ಸಲಾಕೆಯಿಂದ ಬರೆ ಹಾಕುತ್ತಾರೆಂದು ನಮ್ಮ ಬೀಗರು ತಿಳಿದಿದ್ದರು. ನಿಜದಲ್ಲಿ ಬಿಸಿಯಾಗುವುದು ಮಾಂಸವೇ, ಅದರೊಳಗಿನ ಪ್ರತಿರೋಧದಿಂದ. ತುದಿಗೆ ಉಪ್ಪುನೀರು ಹಾಯಿಸಿ ತಂಪಾಗಿಡುತ್ತಾರೆ! 50 ಡಿಗ್ರಿ ದಾಟಿದರೆ ಆ ಜಾಗದ ಕೋಶಗಳು ಸಾಯುತ್ತವೆ. ಒಂದು ಚುಕ್ಕೆ, ಅದರ ಪಕ್ಕ ಇನ್ನೊಂದು, ಹೀಗೆ ಚುಕ್ಕೆ ಸೇರಿಸಿ ಉಂಗುರ ಬಿಡಿಸಬೇಕು. ಎರಡು ಚುಕ್ಕೆಯ ನಡುವೆ ಸಂದು ಉಳಿದರೆ? ಕಾಲುವೆಯ ಲೈನಿಂಗಿನಲ್ಲಿ ಬೆರಳಗಲ ಸೀಳು ಬಿಟ್ಟರೆ ಏನಾಗುತ್ತದೆಂದು ನಾನು ಕಂಡಿದ್ದೇನೆ.

ತಂಪಿನ ವಿಧಾನದಲ್ಲಿ ನಳಿಗೆಯ ತುದಿಗೆ ಪುಟ್ಟ ಬಲೂನು. ಹೆಚ್ಚಾಗಿ ಬಳಸುವುದು 28 ಮಿಲಿಮೀಟರಿನದು. ಅದನ್ನು ರಕ್ತನಾಳದ ಬಾಯಿಗೆ ಬಿರಡೆಯಂತೆ ಕೂರಿಸಿ ಒಳಗೆ ಒತ್ತಡದ ನೈಟ್ರಸ್ ಆಕ್ಸೈಡ್ ದ್ರವ ಬಿಡುತ್ತಾರೆ. ಅದು ಆವಿಯಾಗುತ್ತ ಸುತ್ತಲ ಶಾಖ ಹೀರುತ್ತದೆ. ಯಾದಗಿರಿಯ ಬೇಸಿಗೆಯಲ್ಲಿ ಮಣ್ಣಿನ ಕೊಡದ ನೀರು ತಣ್ಣಗಾಗುವುದು ಆವಿಯಿಂದಲೇ. ಮದುವೆ ಮನೆಯಲ್ಲಿ ದೊಡ್ಡ ಒಲೆಗೆ ಹಚ್ಚಿದ ಗ್ಯಾಸ್ ಸಿಲಿಂಡರಿನ ಮೈಮೇಲೆ ಬೆಳ್ಳನೆ ಹಿಮ ಕೂರುವುದನ್ನೂ ನೋಡಿದ್ದೀರಿ. ಬಲೂನಿನೊಳಗೆ ಶೂನ್ಯದ ಕೆಳಗೆ 40ರಿಂದ 50 ಡಿಗ್ರಿಯವರೆಗೆ ಇಳಿಯುತ್ತದೆ. ಆವಿಯನ್ನು ಇನ್ನೊಂದು ದಾರಿಯಿಂದ ಹೊರಗೆ ಎಳೆದುಕೊಳ್ಳುತ್ತಾರೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಒಂದು ಸಲಕ್ಕೆ ಮೂರು ನಾಲ್ಕು ನಿಮಿಷ. ಕೋಶದ ಒಳಹೊರಗಿನ ನೀರು ಹರಳುಗಟ್ಟಿ ಕೋಶ ಸಾಯುತ್ತದೆ, ಉಂಗುರ ಒಂದೇ ಸಲಕ್ಕೆ ಮೂಡುತ್ತದೆ. ಹಿಮಗಟ್ಟಿದ ಬಲೂನು ಗೋಡೆಗೆ ಅಂಟಿಕೊಳ್ಳುವುದರಿಂದ ಬಡಿತಕ್ಕೆ ಜಾರುವುದಿಲ್ಲ.

ಹಾಗಾದರೆ ತಂಪೇ ಮೇಲಲ್ಲವೇ ಎಂದು ನನಗೂ ಅನಿಸಿತ್ತು. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ಇದೆ, ಹೆಸರೇ 'ಫೈರ್ ಅಂಡ್ ಐಸ್', ಬೆಂಕಿ ಮತ್ತು ಹಿಮ. ಯುರೋಪಿನ ಎಂಟು ದೇಶಗಳ 16 ಆಸ್ಪತ್ರೆಗಳಲ್ಲಿ, ಬಂದು ಹೋಗುವ ಎ.ಎಫ್. ಇದ್ದ 762 ಜನರನ್ನು ಎರಡು ಗುಂಪು ಮಾಡಿ, ಯಾರಿಗೆ ಯಾವುದೆಂದು ಚೀಟಿ ಎತ್ತಿದ ಹಾಗೆ ಹಂಚಿದರು. ಸರಾಸರಿ ಒಂದೂವರೆ ವರ್ಷ ಕಾದು ನೋಡಿದರು. ತಾಳ ಮತ್ತೆ ತಪ್ಪಿದವರು, ಮತ್ತೆ ಅಬ್ಲೇಶನ್ನೋ ಗುಳಿಗೆಯೋ ಬೇಕಾದವರು ತಂಪಿನಲ್ಲಿ ನೂರಕ್ಕೆ 34.6, ಬಿಸಿಯಲ್ಲಿ 35.9. ಅಂದರೆ ಸಮ. ಗಂಭೀರ ತೊಂದರೆಗಳ ಲೆಕ್ಕದಲ್ಲೂ ಗಣನೀಯ ವ್ಯತ್ಯಾಸವಿರಲಿಲ್ಲ. ತಂಪಿನ ಕೆಲಸ ಸುಮಾರು ಕಾಲು ತಾಸು ಬೇಗ ಮುಗಿಯಿತು, ಆದರೆ ಎಕ್ಸ್‌ರೇ ಹೊತ್ತು ಹೆಚ್ಚು ಬೇಕಾಯಿತು. ಇನ್ನೊಂದು ಮಾತನ್ನೂ ಆ ಅಂಕಿಗಳಲ್ಲಿ ಓದಬೇಕು: ಯಾವುದನ್ನೇ ಮಾಡಿಸಿದರೂ ಮೂವರಲ್ಲಿ ಒಬ್ಬರಿಗೆ ಕೆಲಸ ಪೂರ್ತಿಯಾಗಿರಲಿಲ್ಲ. ಒಂದೇ ಸಲಕ್ಕೆ ಜನ್ಮಪೂರ್ತಿ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ತೊಂದರೆಗಳ ಬಗೆ ಮಾತ್ರ ಬೇರೆ ಬೇರೆ. ಬಲಗಡೆಯ ರಕ್ತನಾಳಗಳ ಪಕ್ಕದಲ್ಲೇ ವಪೆಯನ್ನು, ಅಂದರೆ ಉಸಿರಾಟದ ಸ್ನಾಯುವನ್ನು ಆಡಿಸುವ ನರ ಹಾಯುತ್ತದೆ. ತಂಪು ಅದಕ್ಕೆ ತಾಗಬಹುದು. ಆ ಪರೀಕ್ಷೆಯಲ್ಲಿ ತಂಪಿನ ಗುಂಪಿನ ನೂರಕ್ಕೆ 2.7 ಜನರಿಗೆ ತಾಗಿತ್ತು, ಹೆಚ್ಚಿನವರಲ್ಲಿ ಬರಬರುತ್ತ ಸರಿಹೋಯಿತು. ಬಿಸಿಯ ಗುಂಪಿನಲ್ಲಿ ಯಾರಿಗೂ ಇಲ್ಲ. ನನಗೆ ಪೂರ್ತಿ ಅರಿವಳಿಕೆ ಕೊಟ್ಟಿರಲಿಲ್ಲ, ಅರೆನಿದ್ದೆಯಲ್ಲಿದ್ದೆ. ಬಲಗಡೆ ಹೆಪ್ಪುಗಟ್ಟಿಸುವಾಗ ಆ ನರವನ್ನು ಮೇಲಿನಿಂದ ಸಣ್ಣ ಕರೆಂಟಿನಿಂದ ಬಡಿಯುತ್ತಿದ್ದರು, ಪ್ರತಿ ಬಡಿತಕ್ಕೂ ಬಿಕ್ಕಳಿಕೆಯಂತೆ ಹೊಟ್ಟೆ ಎಗರುತ್ತಿತ್ತು. ಒಬ್ಬರು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟೇ ನಿಂತಿದ್ದರು. ಎಗರುವುದು ಮೆತ್ತಗಾದರೆ ಆ ಕ್ಷಣವೇ ತಂಪು ನಿಲ್ಲಿಸಬೇಕು. ಇಷ್ಟೆಲ್ಲ ಯಂತ್ರಗಳ ನಡುವೆ ಅಂಗೈಯೊಂದು ಕಾವಲಿತ್ತು! ನೆತ್ತಿ ಮಾತ್ರ ಐಸ್ ಕ್ಯಾಂಡಿ ಕಚ್ಚಿದ ಹಾಗೆ ಜುಮ್ಮೆಂದಿತು.

ಎಡ ಮೇಲಿನ ಕೋಣೆಯ ಹಿಂದುಗಡೆ ಅನ್ನನಾಳ ಅಂಟಿದಂತಿದೆ. ಬಿಸಿಯಿಂದ ಅದು ಗಾಸಿಗೊಳ್ಳಬಹುದು. ತಂಪಿನಲ್ಲೂ ಆ ಭಯ ಇಲ್ಲದಿಲ್ಲ. ತೀರ ಅಪರೂಪ, ಆದರೆ ಆದರೆ ಪ್ರಾಣಕ್ಕೇ ಬರುತ್ತದೆ. ಮಾಡಿಸಿಕೊಂಡು ಊರಿಗೆ ಬಂದ ಎರಡು ಮೂರು ನಾಲ್ಕು ವಾರಕ್ಕೆ ಜ್ವರ, ನುಂಗಲು ನೋವು, ಎದೆನೋವು ಕಂಡರೆ ಇಲ್ಲಿನ ಅಂಗಡಿಯಿಂದ ಜ್ವರದ ಗುಳಿಗೆ ತಂದು ಮಲಗಬೇಡಿ. ಅಬ್ಲೇಶನ್ ಮಾಡಿದವರಿಗೆ ಅಂದೇ ಫೋನ್ ಮಾಡಿ.

ಇನ್ನು ಯಾರಿಗೆ ಯಾವುದು? ಬಲೂನು ಉಂಗುರ ಒತ್ತುವ ಅಚ್ಚು. ಬಿಸಿಯ ತುದಿ ಪೆನ್ನು. ನಾಲ್ಕು ಬಾಯಿಯೂ ಸರಿಯಾಗಿದ್ದು ರೋಗ ಹೊಸದಾಗಿದ್ದರೆ ಅಚ್ಚು ಸಾಕು. ಎರಡು ನಾಳ ಕೂಡಿ ಒಂದೇ ಅಗಲ ಬಾಯಿಯಾಗಿದ್ದರೆ, ಹಿಂದೆ ಮಾಡಿದ್ದರಲ್ಲಿ ಸಂದು ಉಳಿದಿದ್ದರೆ, ಏಟ್ರಿಯಲ್ ಫ್ಲಟರ್ ಎಂಬ ಇನ್ನೊಂದು ಬಗೆಯ ತಾಳಕ್ಕೆ ಬಲಕೋಣೆಯಲ್ಲಿ ಗೆರೆ ಎಳೆಯಬೇಕಿದ್ದರೆ ಪೆನ್ನೇ ಬೇಕು. ನನ್ನ ಸಿ.ಟಿ. ಚಿತ್ರದಲ್ಲಿ ನಾಲ್ಕು ಬಾಯಿ ಬಿಡಿಬಿಡಿಯಾಗಿದ್ದವು. ಬಲೂನು ಹಿಡಿದ ಡಾಕ್ಟರ ಕೈ ಪಳಗಿತ್ತು. ಅದಕ್ಕೆ ತಂಪು. ಪಳಗಿದ ಕೈ ಬಿಸಿಯದ್ದಾಗಿದ್ದರೆ ನಾನು ಬಿಸಿಗೇ ಹೂಂ ಅನ್ನುತ್ತಿದ್ದೆ. "ವರ್ಷಕ್ಕೆ ಇಂಥವು ಎಷ್ಟು ಮಾಡ್ತೀರಿ?" ಎಂದು ಕೇಳಲು ಸಂಕೋಚ ಬೇಡ. ಟೆಂಡರಿನಲ್ಲಿ ಗುತ್ತಿಗೆದಾರನ ಅನುಭವ ಕೇಳುತ್ತೇವಲ್ಲ. ಖರ್ಚು ಎರಡರಲ್ಲೂ ಲಕ್ಷಗಳ ಮಾತು. ವಿಮೆ, ಸರ್ಕಾರಿ ಯೋಜನೆ ಯಾವುದಕ್ಕೆ ಎಷ್ಟು ಕೊಡುತ್ತದೆಂದು ಮೊದಲೇ ಬರೆಸಿಕೊಳ್ಳಿ. ಈಗ ಪಲ್ಸ್ಡ್ ಫೀಲ್ಡ್ ಎಂಬ ಮೂರನೆಯ ವಿಧಾನವೂ ಬಂದಿದೆ. ಕ್ಷಣಮಾತ್ರದ ವಿದ್ಯುತ್ ಹೊಡೆತದಿಂದ ಕೋಶದ ಪೊರೆ ತೂತು ಮಾಡುತ್ತದೆ, ಬಿಸಿ ತಂಪಿನ ಮೇಲೆ ನಿಂತದ್ದಲ್ಲ. ಉಷ್ಣ ತಂಪಿನ ನೆಂಟರು ಇದಕ್ಕೇನು ಹೇಳುತ್ತಾರೋ!

ಬಿಸಿಯೇ ಸರಿಯಾದ ಒಂದು ಸಂಗತಿ ನಮ್ಮ ಮನೆಯಲ್ಲೇ ಇದೆ. ನನ್ನ ತಮ್ಮನ ಮಗಳು, ಇಪ್ಪತ್ತಾರು ವರ್ಷ, ಶಾಲೆಯ ಶಿಕ್ಷಕಿ. ಪಾಠ ಮಾಡುತ್ತಿರುವಾಗಲೇ ಎದೆ ಥಟ್ಟನೆ ನಿಮಿಷಕ್ಕೆ 190 ಬಡಿಯುತ್ತಿತ್ತು, ಥಟ್ಟನೆ ನಿಲ್ಲುತ್ತಿತ್ತು. ಮೈಮೇಲೆ ಬರುತ್ತದೆ ಎಂದು ಮದುವೆ ಮಾತುಕತೆಯೊಂದು ಮುರಿಯಿತು. ಇದು ಎ.ಎಫ್. ಅಲ್ಲ. ಕೋಣೆಗಳ ನಡುವಿನ ಗೇಟಿನ ಬಳಿ ಹುಟ್ಟಿನಿಂದಲೇ ಎರಡು ದಾರಿ ಇದ್ದು, ಸಂಕೇತ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರಿ ಗಿರಗಿರ ಸುತ್ತುವುದು. ಹೆಚ್ಚುವರಿ ದಾರಿಯನ್ನು ಮುಚ್ಚಿದರೆ ಮುಗಿಯಿತು. ತೊಡಕೆಂದರೆ, ಒಂದಿಷ್ಟು ಅತ್ತಿತ್ತ ಆದರೆ ಗೇಟಿಗೇ ಪೆಟ್ಟು, ಆಮೇಲೆ ಜೀವನಪೂರ್ತಿ ಪೇಸ್‌ಮೇಕರ್. ಇಲ್ಲಿ ತಂಪಿಗೆ ಒಂದು ಒಳ್ಳೆಯ ಗುಣವಿದೆ. ಮೊದಲು ಶೂನ್ಯದ ಕೆಳಗೆ 30 ಡಿಗ್ರಿಗಷ್ಟೇ ಇಳಿಸಿ ನೋಡಬಹುದು. ಗೇಟು ಮಂಕಾದರೆ ಬಿಟ್ಟುಬಿಟ್ಟರಾಯಿತು, ಬೆಚ್ಚಗಾದೊಡನೆ ಮೊದಲಿನಂತಾಗುತ್ತದೆ. ಸುಟ್ಟದ್ದು ಹಾಗೆ ಹಿಂದಿರುಗುವುದಿಲ್ಲ. ಆದರೆ 2010ರಲ್ಲಿ ಪ್ರಕಟವಾದ, 509 ರೋಗಿಗಳ ಪರೀಕ್ಷೆಯೊಂದರಲ್ಲಿ ರೋಗ ಮರಳಿದ್ದು ಬಿಸಿಯಲ್ಲಿ ನೂರಕ್ಕೆ ಸುಮಾರು 4, ತಂಪಿನಲ್ಲಿ 9. ಗೇಟು ಶಾಶ್ವತವಾಗಿ ಕೆಟ್ಟದ್ದು ಬಿಸಿಯ ಗುಂಪಿನಲ್ಲಿ ಒಬ್ಬರಿಗೆ, ತಂಪಿನಲ್ಲಿ ಯಾರಿಗೂ ಇಲ್ಲ.

ನಾನು ತಂಪಿನ ಪಕ್ಷ ವಹಿಸಿದೆ, ನನಗೆ ಆಗಿಬಂದದ್ದು ಅದೇ ತಾನೆ. ಅವಳು ಕಾಗದದ ಮೇಲೆ ಎರಡು ಅಂಕಿ ಬರೆದುಕೊಂಡು, "ದೊಡ್ಡಪ್ಪಾ, ಮತ್ತೊಂದು ಸಲ ಕ್ಲಾಸಿನ್ಯಾಗ ಬಿದ್ರ ನನ್ನ ನೌಕರಿ, ಮದುವಿ ಎರಡೂ ಹೋಗ್ತಾವ. ನನಗ ಬಿಸೀನೇ ಇರ್ಲಿ" ಎಂದಳು. ಡಾಕ್ಟರೂ ಒಪ್ಪಿದರು. ಮೂರು ವರ್ಷವಾಯಿತು, ಒಂದು ಗುಳಿಗೆಯೂ ಇಲ್ಲದೆ ಇದ್ದಾಳೆ.

ಈ ಸಭೆಯಲ್ಲಿ ಯಾರೋ ಕೇಳೇ ಕೇಳುತ್ತೀರಿ, ನಾನೇ ಹೇಳುತ್ತೇನೆ. ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಎಕ್ಸ್‌ರೇ ಚಿತ್ರಕ್ಕೆ ಅಡ್ಡ ಬರುತ್ತದೆ, ತೆಗೆಯಬೇಕು. ನನ್ನ ಮನೆಯವರು ಅಬ್ಲೇಶನ್ನಿಗಿಂತ ಇದಕ್ಕೇ ಹೆಚ್ಚು ಹೆದರಿದ್ದರು. ನರ್ಸಿಗೆ ಮೊದಲ ದಿನವೇ ತಿಳಿಸಿದೆವು. ಇಷ್ಟಲಿಂಗವನ್ನು ಒಗೆದ ಬಿಳಿ ಪಾವಡದಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಲು ಒಪ್ಪಿದರು. ಮಲಗಿಸಿದ ಮೇಲೆ ಗದ್ದಲ ಮಾಡುವುದಕ್ಕಿಂತ ಮುಂಚೆ ಕೇಳುವುದು ಲೇಸು.

ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮಾಡಿಸಿದ ಆರನೆಯ ವಾರ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂತು. ತಾಳ ಸರಿ ಇದೆಯಲ್ಲ ಎಂದು ರಕ್ತ ತೆಳುವಾಗಿಸುವ ಗುಳಿಗೆಯನ್ನು ನಾನೇ ಬಿಟ್ಟೆ. ನಾಲ್ಕು ದಿನದ ಮೇಲೆ ಮನೆಯವರು ಗುಳಿಗೆ ಪಟ್ಟಿ ಎಣಿಸಿ ಹಿಡಿದರು. "ಏನ್ರೀ, ಅಕ್ಕನ್ನ ಮರತ್ರ್ಯಾ?" ಎಂದಿಷ್ಟೇ ಕೇಳಿದರು. ಡಾಕ್ಟರು ಫೋನಿನಲ್ಲಿ ಬೈದದ್ದು ಅದರ ಮುಂದೆ ಏನೂ ಅಲ್ಲ. ಒಳಗಿನ ಗಾಯ ಮಾಯುವ ಮೊದಲ ಎರಡು ಮೂರು ತಿಂಗಳು ಆ ಗುಳಿಗೆ ಎಲ್ಲರಿಗೂ ಬೇಕೇ ಬೇಕು. ಆಮೇಲೂ ವಯಸ್ಸು, ಬಿ.ಪಿ., ಸಕ್ಕರೆ ಕಾಯಿಲೆ, ಹಿಂದೆ ಲಕ್ವ ಹೊಡೆದದ್ದು ಇವುಗಳ ಲೆಕ್ಕದ ಮೇಲೆ ಮುಂದುವರಿಸುತ್ತಾರೆ, ಎ.ಎಫ್. ಹೋಯಿತೆಂದು ಬಿಡುವ ಹಾಗಿಲ್ಲ. ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಕವಾಟ ಕಿರಿದಾದವರು ನಮ್ಮ ಕಡೆ ಇದ್ದಾರೆ. ಅವರಿಗೆ ಹೊಸ ಗುಳಿಗೆಗಳಿಗಿಂತ ಹಳೆಯ ವಾರ್ಫರಿನ್ನೇ ಸರಿ ಎಂದು 2022ರ ಒಂದು ದೊಡ್ಡ ಪರೀಕ್ಷೆ ತೋರಿಸಿದೆ. ಅದಕ್ಕೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಬೇಸರಿಸಬಾರದು.

ಅಕ್ಕನಿಗೆ ಬಿಸಿಯೂ ಬೇಕಿರಲಿಲ್ಲ, ತಂಪೂ ಬೇಕಿರಲಿಲ್ಲ. ಒಂದು ಇ.ಸಿ.ಜಿ., ಆಮೇಲೆ ದಿನದ ಗುಳಿಗೆ. ಅಷ್ಟಿದ್ದರೆ ಅವಳ ಕೈಯ ಕಸಬರಿಗೆ ಬಹುಶಃ ಜಾರುತ್ತಿರಲಿಲ್ಲ. ಮಠದ ಆರೋಗ್ಯ ಶಿಬಿರದಲ್ಲಿ ಬಿ.ಪಿ. ನೋಡುತ್ತೇವೆ, ಸಕ್ಕರೆ ನೋಡುತ್ತೇವೆ. ಅರವತ್ತೈದು ದಾಟಿದ ಪ್ರತಿಯೊಬ್ಬರ ನಾಡಿಯನ್ನೂ ಒಂದು ನಿಮಿಷ ಹಿಡಿದು ನೋಡುವ ಮೇಜೊಂದನ್ನು ಮುಂದಿನ ಶಿಬಿರದಿಂದ ಇಡೋಣವೆಂದು ಪೂಜ್ಯರಲ್ಲಿ ಬಿನ್ನಹ ಮಾಡಿದ್ದೇನೆ. ಯಾದಗಿರಿ, ಸುರಪುರದ ಬಳಗದವರೂ ತಮ್ಮ ಶಿಬಿರಗಳಲ್ಲಿ ಇದನ್ನು ಮಾಡಲಿ. ಮೇಜಿಗೆ ಕುಳಿತುಕೊಳ್ಳಲು ಕಾಲೇಜಿನ ನಾಲ್ಕು ಹುಡುಗ ಹುಡುಗಿಯರು ಬೇಕು, ಕಲಿಸುವ ಕೆಲಸ ನನ್ನದು.

ಈಗ ಎಲ್ಲರೂ ಎಡಗೈ ಅಂಗಾತ ಇಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರಬದಿಗೆ ಬಲಗೈಯ ಮೂರು ಬೆರಳು ಮೆಲ್ಲಗೆ ಇಡಿ, ಒತ್ತಬೇಡಿ. ಎಷ್ಟು ಬಡಿತ ಎನ್ನುವುದಕ್ಕಿಂತ ಒಂದಕ್ಕೊಂದು ಸಮದೂರ ಇದೆಯೇ ಎಂದು ನೋಡಿ. ಆಗೊಮ್ಮೆ ಈಗೊಮ್ಮೆ ಒಂದು ತಪ್ಪಿದರೆ ಗಾಬರಿ ಬೇಡ. ಗೊತ್ತುಗುರಿಯಿಲ್ಲದೆ ಬಡಿಯುತ್ತಿದೆ ಎನಿಸಿದವರು ಪ್ರಸಾದ ಮುಗಿದ ಮೇಲೆ ನನ್ನನ್ನು ಕಾಣಿ. ನಾಳೆ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಇ.ಸಿ.ಜಿ.ಗೆ ಕೂಡಿಯೇ ಹೋಗೋಣ. ಗಡಿಯಾರ ನಾನು ನೋಡುತ್ತೇನೆ. ಶುರು ಮಾಡಿ.